ಮನೆ ಖಾಲಿಯಾಗುವ ಮೊದಲೇ ಮಾಲೀಕರ ಪರಿಚಯವಾಗಬೇಕು

ಮಾನ್ಯ ಸಂಪಾದಕರೇ,

ಬಾಡಿಗೆ ಮನೆ ಏಜೆಂಟ್ ಕೆಲಸಕ್ಕೆ ಹೊಸದಾಗಿ ಸೇರಿದವರ ಕೈಗೆ ಸಾಮಾನ್ಯವಾಗಿ ಮೊದಲ ದಿನವೇ ಒಂದು ಫೋನ್ ನಂಬರುಗಳ ಪಟ್ಟಿ ಬರುತ್ತದೆ. ‘ಎಲ್ಲರಿಗೂ ಫೋನ್ ಮಾಡುತ್ತಾ ಹೋಗು, ಯಾರಾದರೂ ಮನೆ ಕೊಡುತ್ತಾರೆ’ ಎಂಬ ಬುದ್ಧಿಮಾತೂ ಜೊತೆಗೆ ಬರುತ್ತದೆ. ಆ ಪಟ್ಟಿ ಎಲ್ಲಿಂದಲೋ ಕೊಂಡು ತಂದದ್ದು. ಅದೇ ಪಟ್ಟಿ ಇನ್ನೂ ಎಷ್ಟೋ ಜನರ ಕೈಯಲ್ಲಿದೆ. ಕೆಲವು ನಂಬರುಗಳು ಬೇರೆಯವರ ಪಾಲಾಗಿರುತ್ತವೆ, ಕೆಲವು ಮನೆಗಳು ಮಾರಾಟವಾಗಿ ಮಾಲೀಕರೇ ಬದಲಾಗಿರುತ್ತಾರೆ. ಉಳಿದವರಿಗೆ ಅದು ಆ ದಿನದ ಐದನೆಯ ಕರೆ, ಸಹನೆ ಎಲ್ಲಿಂದ ಬರಬೇಕು? ಒಂದೆರಡು ತಿಂಗಳು ಬೈಸಿಕೊಂಡು ಹೊಸಬರು ಕೆಲಸ ಬಿಡುತ್ತಾರೆ. ಮಾಲೀಕರು ಗೊತ್ತಿಲ್ಲದ ನಂಬರಿನ ಕರೆ ಎತ್ತುವುದನ್ನೇ ಬಿಡುತ್ತಾರೆ. ಅತ್ತ ಮನೆ ಹುಡುಕುವವರು ಬೀದಿ ಬೀದಿ ಅಲೆಯುತ್ತಿರುವಾಗ ಇತ್ತ ಮನೆ ಬೀಗ ಹಾಕಿಕೊಂಡು ನಿಂತಿರುತ್ತದೆ. ಈ ವ್ಯವಹಾರವನ್ನು ಹತ್ತಿರದಿಂದ ಬಲ್ಲ ನಾವು ಕೆಲವರು ಇದನ್ನು ನೋಡಿ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇವೆ.

ಮನೆ ಖಾಲಿಯಾದ ಮೇಲೆ ಮಾಲೀಕರನ್ನು ಹುಡುಕಿಕೊಂಡು ಹೋಗುವ ಏಜೆಂಟ್ ತಡವಾಗಿಯೇ ತಲುಪುತ್ತಾನೆ. ‘ಟು-ಲೆಟ್’ ಬೋರ್ಡ್ ನೇತುಹಾಕಿದ ದಿನವೇ ಅದರ ಫೋಟೊ ಹತ್ತು ಮೊಬೈಲುಗಳಲ್ಲಿ ಇರುತ್ತದೆ. ಹೊಸ ಏಜೆಂಟರೇ, ಮನೆಯಲ್ಲಿ ಇನ್ನೂ ಬಾಡಿಗೆದಾರರು ಇರುವಾಗಲೇ ಮಾಲೀಕರಿಗೆ ನಿಮ್ಮ ಹೆಸರು ಗೊತ್ತಿರಬೇಕು. ಹಾಗಿದ್ದರೆ ಬೋರ್ಡ್ ಹಾಕುವ ಮೊದಲೇ ಅವರು ನಿಮಗೆ ಫೋನ್ ಮಾಡುತ್ತಾರೆ. ಇದಕ್ಕೆ ದೊಡ್ಡ ಬಂಡವಾಳ ಬೇಡ. ಸವೆಯದ ಚಪ್ಪಲಿ, ಒಂದು ದಪ್ಪ ನೋಟ್‌ಬುಕ್, ಮೂರು ತಿಂಗಳ ತಾಳ್ಮೆ ಬೇಕು.

ಮೊದಲು ಪ್ರದೇಶವನ್ನು ಚಿಕ್ಕದು ಮಾಡಿಕೊಳ್ಳಿ. ಇಡೀ ಊರು ನನ್ನದು ಎಂದು ಹೊರಟವರಿಗೆ ಒಂದು ಬೀದಿಯೂ ಸರಿಯಾಗಿ ಗೊತ್ತಿರುವುದಿಲ್ಲ. ಮುಕ್ಕಾಲು ಗಂಟೆಯಲ್ಲಿ ನಡೆದು ಮುಗಿಸಬಹುದಾದ, 250ರಿಂದ 300 ಮನೆಗಳಿರುವ ಒಂದು ತುಂಡು ಸಾಕು. ಅದರಲ್ಲಿ ಎಲ್ಲವೂ ಮಾಲೀಕರೇ ವಾಸವಿರುವ ಒಂಟಿ ಮನೆಗಳಾದರೆ ಪ್ರಯೋಜನವಿಲ್ಲ, ಮಹಡಿ ಮನೆಗಳೂ ಸಣ್ಣ ಅಪಾರ್ಟ್‌ಮೆಂಟುಗಳೂ ಬೆರೆತಿರಬೇಕು. ವಾರಕ್ಕೆ ಎರಡು ಸಲ, ಒಮ್ಮೆ ಬೆಳಿಗ್ಗೆ, ಒಮ್ಮೆ ದೀಪ ಹಚ್ಚುವ ಹೊತ್ತಿಗೆ, ಅದೇ ದಾರಿಯಲ್ಲಿ ನಡೆಯಿರಿ. ವಾಹನದಲ್ಲಿ ಹೋದರೆ ಏನೂ ಕಾಣುವುದಿಲ್ಲ.

ನಡೆಯುವಾಗ ಏನು ನೋಡಬೇಕು? ಒಂದು ಕಟ್ಟಡಕ್ಕೆ ನಾಲ್ಕು ವಿದ್ಯುತ್ ಮೀಟರುಗಳಿದ್ದರೆ ಅಲ್ಲಿ ನಾಲ್ಕು ಸಂಸಾರಗಳಿಗೆ ಜಾಗವಿದೆ ಎಂದು ತಿಳಿಯಬಹುದು. ಮೀಟರ್ ಪೆಟ್ಟಿಗೆ ರಸ್ತೆಯಿಂದಲೇ ಕಾಣುವಂತಿದ್ದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಕರೆಂಟ್ ಬಳಕೆಯಾಗುತ್ತಿರುವ ಮನೆಯ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಪುಟ್ಟ ಕೆಂಪು ದೀಪ ಆಗಾಗ ಮಿಟುಕುತ್ತದೆ. ಮೂರರಲ್ಲಿ ಮಿಟುಕುತ್ತಿದ್ದು, ನಾಲ್ಕನೆಯದು ನಿಮಿಷಗಟ್ಟಲೆ ಸುಮ್ಮನಿದ್ದರೆ ಆ ಮನೆಯಲ್ಲಿ ಫ್ರಿಜ್ಜೂ ಓಡುತ್ತಿಲ್ಲ ಎಂದರ್ಥ. ಪರದೆ ಇಲ್ಲದ ಕಿಟಕಿ, ಬೀಗದ ಮೇಲೆ ಕೂತ ಧೂಳು, ಗೇಟಿನ ಸಂದಿಯಲ್ಲಿ ಸೇರಿಕೊಂಡ ಕರಪತ್ರಗಳು, ಮೆಟ್ಟಿಲ ಬಳಿ ಜೋಡಿಸಿಟ್ಟ ಬಣ್ಣದ ಡಬ್ಬಿಗಳು, ಹೊಸದಾಗಿ ಹಾಕಿದ ನೀರಿನ ಪೈಪು, ಇವೆಲ್ಲವೂ ಮಾತಾಡುತ್ತವೆ. ಆದರೆ ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬೇಡಿ. ಮನೆಯವರು ಪ್ರವಾಸಕ್ಕೆ ಹೋಗಿರಬಹುದು, ಆಸ್ಪತ್ರೆಯಲ್ಲಿರಬಹುದು. ವಾರದ ಅಂತರದಲ್ಲಿ ಎರಡು ಸಲ, ಎರಡು ಬೇರೆ ಗುರುತು ಕಂಡರೆ ಮಾತ್ರ ‘ಖಾಲಿ ಇರಬಹುದು’ ಎಂದು ಬರೆದುಕೊಳ್ಳಿ. ಗೇಟು ದಾಟಿ ಒಳಗೆ ಇಣುಕುವುದು ಬೇಡವೇ ಬೇಡ. ಯಾವ ಮನೆ ಬೀಗ ಹಾಕಿದೆ ಎಂಬ ಮಾಹಿತಿ ಕಳ್ಳರಿಗೂ ಬೇಕಾದದ್ದು, ಅದನ್ನು ಸ್ನೇಹಿತರ ಗುಂಪಿನಲ್ಲಿ ಹಂಚಿಕೊಳ್ಳುವುದೂ ತಪ್ಪು.

ಕಂಡದ್ದನ್ನೆಲ್ಲ ಅಂದೇ ನೋಟ್‌ಬುಕ್ಕಿಗೆ ಇಳಿಸಬೇಕು. ಒಂದು ಕಟ್ಟಡಕ್ಕೆ ಒಂದು ಪುಟ. ಬಾಗಿಲ ಸಂಖ್ಯೆ, ಎಷ್ಟು ಮಹಡಿ, ಎಷ್ಟು ಮನೆ, ಮಾಲೀಕರು ಅಲ್ಲೇ ಇದ್ದಾರೋ ಬೇರೆಡೆಯೋ, ಈಗಿನ ಕರಾರು ಯಾವ ತಿಂಗಳು ಮುಗಿಯುತ್ತದೆ, ಬಾಡಿಗೆ ಎಷ್ಟೆಂದು ಯಾರು ಹೇಳಿದರು, ಇಷ್ಟು ಬೇಕೇ ಬೇಕು. ಮಾಲೀಕರ ಫೋನ್ ನಂಬರಿನ ಎದುರು ಆ ನಂಬರ್ ಎಲ್ಲಿಂದ ಸಿಕ್ಕಿತು, ಕರೆ ಮಾಡಲು ಅವರ ಒಪ್ಪಿಗೆ ಇದೆಯೇ ಎಂದು ಬರೆಯಲು ಒಂದು ಕಾಲಂ ಇರಲಿ. ಬಹುತೇಕ ಹೊಸಬರು ಈ ಕಾಲಂ ಬಿಡುತ್ತಾರೆ, ಆಮೇಲೆ ‘ನನ್ನ ನಂಬರ್ ಯಾರು ಕೊಟ್ಟರು?’ ಎಂಬ ಪ್ರಶ್ನೆ ಬಂದಾಗ ತಡವರಿಸುತ್ತಾರೆ. ಕೊನೆಯಲ್ಲಿ ಮುಂದಿನ ಕರೆಯ ದಿನಾಂಕ. ದಿನಾಂಕವಿಲ್ಲದ ಪುಟವನ್ನು ಯಾರೂ ಮತ್ತೆ ತೆರೆಯುವುದಿಲ್ಲ.

ಇನ್ನು ಮಾಲೀಕರು ಯಾರೆಂದು ತಿಳಿಯುವುದು. ಅವರು ಅದೇ ಕಟ್ಟಡದ ಕೆಳಗಿನ ಅಥವಾ ಮೇಲಿನ ಮನೆಯಲ್ಲಿದ್ದರೆ ಕಾಲಿಂಗ್ ಬೆಲ್ ಒತ್ತುವುದಷ್ಟೇ ಕೆಲಸ. ಬೇರೆಡೆ ಇದ್ದರೆ ಕಟ್ಟಡದ ಕಾವಲುಗಾರ, ಪಕ್ಕದ ಮನೆಯವರು, ಅಲ್ಲಿಗೆ ಬಂದು ಹೋಗುವ ಪ್ಲಂಬರ್, ಎಲೆಕ್ಟ್ರಿಷಿಯನ್, ಪೇಂಟರ್, ಇವರಿಗೆ ಗೊತ್ತಿರುತ್ತದೆ. ಅದರಲ್ಲೂ ಪೇಂಟರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಬಾಡಿಗೆದಾರರು ಬಿಡುವ ದಿನ ನಿಗದಿಯಾದ ಕೂಡಲೇ ಮಾಲೀಕರು ಕರೆಯುವುದು ಅವರನ್ನೇ. ಆದರೆ ಇವರ ಬಳಿ ಮಾಲೀಕರ ನಂಬರ್ ಕೇಳಬೇಡಿ. ನಿಮ್ಮ ನಂಬರ್ ಕೊಟ್ಟು, ‘ಓನರ್‌ಗೆ ಇಷ್ಟವಿದ್ದರೆ ನನಗೆ ಫೋನ್ ಮಾಡಲಿ, ಇಲ್ಲವೇ ನಾನು ಮಾಡಬಹುದಾ ಅಂತ ಕೇಳಿ ಹೇಳಿ’ ಎನ್ನಿ. ಕೈಗೆ ನಾಲ್ಕು ಕಾಸು ಹಾಕಿ ಪಡೆದ ನಂಬರಿಗೆ ಕರೆ ಮಾಡಿದಾಗ ಮಾಲೀಕರ ಸಿಟ್ಟು ನಿಮ್ಮ ಮೇಲೂ ಬೀಳುತ್ತದೆ, ಕಾವಲುಗಾರನ ಕೆಲಸಕ್ಕೂ ಕುತ್ತು ಬರುತ್ತದೆ.

ಆಸ್ತಿ ತೆರಿಗೆ ಮತ್ತು ನೋಂದಣಿ ದಾಖಲೆಗಳು ಸಾರ್ವಜನಿಕರಿಗೆ ತೆರೆದಿರುವ ಕಡೆ ಅವುಗಳಿಂದಲೂ ಹೆಸರು ತಿಳಿಯಬಹುದು. ಆದರೆ ಅಲ್ಲಿ ಹೆಸರು, ವಿಳಾಸ ಸಿಗುತ್ತದೆಯೇ ಹೊರತು ಫೋನ್ ನಂಬರ್ ಸಿಗುವುದು ಅಪರೂಪ. ಹೆಸರೂ ಹಳೆಯದಿರಬಹುದು. ತೀರಿಹೋದ ತಂದೆಯ ಹೆಸರಲ್ಲೇ ಖಾತೆ ಮುಂದುವರಿದಿರುತ್ತದೆ, ಮನೆ ನಾಲ್ಕು ಮಕ್ಕಳ ಪಾಲಾಗಿರುತ್ತದೆ, ಬಾಡಿಗೆ ವಸೂಲಿ ಮಾಡುವವರು ಅಳಿಯನೋ ಸೊಸೆಯೋ ಆಗಿರುತ್ತಾರೆ. ದಾಖಲೆಯಲ್ಲಿ ಕಂಡ ಹೆಸರು ಹಿಡಿದು ‘ಅವರು ಇದ್ದಾರಾ?’ ಎಂದು ಕೇಳಿ, ‘ಹೋಗಿ ಎರಡು ವರ್ಷ ಆಯಿತು’ ಎಂಬ ಉತ್ತರ ಬಂದರೆ ಎರಡೂ ಕಡೆಯವರಿಗೆ ನೋವು. ‘ಈ ಮನೆಯ ವ್ಯವಹಾರ ನೋಡಿಕೊಳ್ಳುವವರ ಜೊತೆ ಮಾತಾಡಬಹುದೇ?’ ಎಂದು ಕೇಳುವುದು ಎಲ್ಲ ರೀತಿಯಿಂದಲೂ ಸರಿ.

ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲು ಬಾಗಿಲಿಗೆ ಹೋಗಲು ಬಿಡುವುದಿಲ್ಲ, ಬಿಡಲೂ ಬಾರದು. ಅಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿಯನ್ನು ಕಂಡು, ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಹಾಕಲು ಅನುಮತಿ ಕೇಳಿ. ಮಾಲೀಕರ ಪಟ್ಟಿ ಕೇಳಿದರೆ ಅಲ್ಲಿಗೆ ಬಾಗಿಲು ಮುಚ್ಚಿತು. ಕಟ್ಟಡ ಹೊಸದಾಗಿದ್ದು, ಇನ್ನೆರಡು ತಿಂಗಳಲ್ಲಿ ಕೀಲಿ ಹಸ್ತಾಂತರ ಆಗುವಂತಿದ್ದರೆ ಅದು ಹೊಸಬರಿಗೆ ಒಳ್ಳೆಯ ಅವಕಾಶ. ಬಾಡಿಗೆಗೆಂದೇ ಫ್ಲ್ಯಾಟ್ ಕೊಂಡವರಿಗೆ ಆಗ ಏಜೆಂಟರ ಅಗತ್ಯ ಇರುತ್ತದೆ. ಆದರೆ ಎಲ್ಲ ಫ್ಲ್ಯಾಟುಗಳೂ ಒಂದೇ ತಿಂಗಳಲ್ಲಿ ಬಾಡಿಗೆಗೆ ಬಂದಾಗ ಬಾಡಿಗೆ ಇಳಿಯುತ್ತದೆ. ಇದನ್ನು ಮಾಲೀಕರಿಗೆ ಮುಂಚೆಯೇ ಹೇಳಿದ ಏಜೆಂಟನ್ನು ಅವರು ನಂಬುತ್ತಾರೆ.

ಮಾಲೀಕರೇ ಹಾಕಿದ ಜಾಹೀರಾತುಗಳೂ ಒಂದು ದಾರಿ. ಮೊದಲ ದಿನ ಫೋನ್ ಮಾಡುವವರ ನೂಕುನುಗ್ಗಲಿನಲ್ಲಿ ಸೇರಬೇಡಿ. ಮೂರು ವಾರ ಕಳೆದರೂ ಜಾಹೀರಾತು ಇನ್ನೂ ಇದ್ದರೆ ಅದನ್ನು ಕೂತು ಓದಿ, ಏನೋ ತೊಡಕಿರಲೇಬೇಕು. ಬಾಡಿಗೆ ಸುತ್ತಲಿನದಕ್ಕಿಂತ ಹೆಚ್ಚಿರಬಹುದು. ಫೋಟೊದಲ್ಲಿ ಅಡುಗೆಮನೆಯೇ ಇಲ್ಲದಿರಬಹುದು, ಅಥವಾ ಹಗಲಲ್ಲೂ ಕತ್ತಲೆಯಂತೆ ಕಾಣಬಹುದು. ಕೀಲಿ ಬೇರೆ ಊರಲ್ಲಿದ್ದು ಮನೆ ತೋರಿಸಲು ಯಾರೂ ಇಲ್ಲದಿರಬಹುದು. ತೊಡಕು ಯಾವುದೆಂದು ತಿಳಿದು, ಅದಕ್ಕೆ ನಿಮ್ಮ ಬಳಿ ಪರಿಹಾರವಿದ್ದರೆ ಮಾತ್ರ ಸಂಪರ್ಕಿಸಿ. ‘ಏಜೆಂಟರು ಬೇಡ’ ಎಂದು ಬರೆದಿದ್ದರೆ ಅದು ಕೊನೆಯ ಮಾತು. ಬಾಡಿಗೆಗೆ ಬೇಕು ಎಂದು ಸುಳ್ಳು ಹೇಳಿ ಕರೆ ಮಾಡುವ ಚಾಳಿಯನ್ನು ಹೊಸಬರು ಮೊದಲ ದಿನದಿಂದಲೇ ಹತ್ತಿರ ಸೇರಿಸಬಾರದು.

ಈಗಿರುವ ಬಾಡಿಗೆದಾರರ ಬಗ್ಗೆ ಒಂದು ಮಾತು. ಅವರ ಮನೆ ಬಾಗಿಲಿಗೆ ಹೋಗಿ ‘ಯಾವಾಗ ಖಾಲಿ ಮಾಡುತ್ತೀರಿ?’ ಎಂದು ಕೇಳಿದರೆ ಓನರ್ ತಮ್ಮನ್ನು ಎಬ್ಬಿಸಲು ಹೊರಟಿದ್ದಾರೆ ಎಂದು ಅವರು ಗಾಬರಿಯಾಗುತ್ತಾರೆ. ಚೆನ್ನಾಗಿ ನಡೆದುಕೊಂಡು ಹೋಗುತ್ತಿದ್ದ ಮಾಲೀಕ-ಬಾಡಿಗೆದಾರರ ನಡುವೆ ಒಂದು ಪ್ರಶ್ನೆಯಿಂದ ಜಗಳ ಹುಟ್ಟಿಸಬಹುದು.

ಕರೆಯ ವಿಷಯ. ಬೆಳಗಿನ ಗಡಿಬಿಡಿಯಲ್ಲಿ, ಊಟದ ಹೊತ್ತಿನಲ್ಲಿ, ರಾತ್ರಿ ಎಂಟರ ನಂತರ ಬೇಡ. 11ರಿಂದ 12, ಸಂಜೆ 5ರಿಂದ 7 ಸಾಮಾನ್ಯವಾಗಿ ಅನುಕೂಲ. ಮಾಲೀಕರು ಬೇರೆ ದೇಶದಲ್ಲಿದ್ದರೆ ಅಲ್ಲಿನ ಗಂಟೆ ನೋಡಿಕೊಳ್ಳಿ. ಅಪೇಕ್ಷಿಸದ ಕರೆಗಳನ್ನು ತಡೆಯುವ ನಿಯಮ, ‘ಕರೆ ಬೇಡ’ ಪಟ್ಟಿ ಇರುವ ಕಡೆ ಅದನ್ನು ಮೊದಲು ಪರಿಶೀಲಿಸಬೇಕು. ಏಜೆಂಟರಿಗೆ ಪರವಾನಗಿಯೋ ನೋಂದಣಿಯೋ ಕಡ್ಡಾಯವಿದ್ದರೆ ಅದಿಲ್ಲದೆ ಮೊದಲ ಕರೆಯನ್ನೂ ಮಾಡಬಾರದು. ಮಾತು ಶುರುವಾದ ಅರ್ಧ ನಿಮಿಷದೊಳಗೆ ಯಾರು, ಎಲ್ಲಿಂದ, ನಂಬರ್ ಹೇಗೆ ಸಿಕ್ಕಿತು, ಯಾಕೆ ಎಂಬ ನಾಲ್ಕಕ್ಕೂ ಉತ್ತರ ಬಂದಿರಬೇಕು. ಉದಾಹರಣೆಗೆ ಹೀಗೆ:

‘ನಮಸ್ಕಾರ ಮೇಡಂ. ನಾನು ಬಾಡಿಗೆ ಮನೆಗಳ ಏಜೆಂಟ್, ನನ್ನ ಹೆಸರು ಇಂಥದ್ದು. ನಿಮ್ಮ ಕಟ್ಟಡದ ಕಾವಲುಗಾರರ ಮೂಲಕ ಅನುಮತಿ ಕೇಳಿದ್ದೆ, ಫೋನ್ ಮಾಡಬಹುದು ಅಂತ ನೀವು ಹೇಳಿ ಕಳಿಸಿದ್ದಿರಂತೆ. ಎರಡು ನಿಮಿಷ ಮಾತಾಡಬಹುದಾ? ನಿಮ್ಮ ಮನೆ ಈಗ ಖಾಲಿ ಇಲ್ಲ ಅಂತ ಗೊತ್ತು. ಮುಂದೆ ಯಾವಾಗಲಾದರೂ ಖಾಲಿಯಾದರೆ ನನ್ನನ್ನು ಕೇಳಬಹುದು ಅಂತ ಹೇಳೋಕೆ ಮಾಡಿದೆ. ಒಂದೇ ಪ್ರಶ್ನೆ ಇತ್ತು, ಹಿಂದಿನ ಸಲ ಬಾಡಿಗೆಗೆ ಕೊಡುವಾಗ ನಿಮಗೆ ಯಾವುದು ಹೆಚ್ಚು ತೊಂದರೆ ಆಯಿತು?’

ಪ್ರಶ್ನೆ ಕೇಳಿ ಸುಮ್ಮನಾಗಿ. ಒಬ್ಬರು ಬಾಡಿಗೆ ತಡವಾಗಿ ಬಂದದ್ದನ್ನು ಹೇಳುತ್ತಾರೆ. ಇನ್ನೊಬ್ಬರು ಮನೆ ನೋಡಲು ಬರುತ್ತೇವೆಂದು ಹೇಳಿ ಬಾರದವರಿಗಾಗಿ ಮೂರು ಭಾನುವಾರ ಕಾದದ್ದನ್ನು ಹೇಳುತ್ತಾರೆ. ಬಿಟ್ಟುಹೋದವರು ಗೋಡೆಯಲ್ಲಿ ಹನ್ನೆರಡು ಮೊಳೆ ಹೊಡೆದದ್ದನ್ನು ಮತ್ತೊಬ್ಬರು ಇಂದಿಗೂ ಮರೆತಿರುವುದಿಲ್ಲ. ಅದೇ ಮಾತಿನಲ್ಲಿ ಬರೆದುಕೊಳ್ಳಿ. ಆರು ತಿಂಗಳ ನಂತರ ಕರೆ ಮಾಡಿದಾಗ ‘ಮನೆ ನೋಡೋಕೆ ಬರುವವರ ಸಮಯ ಮೊದಲೇ ಖಚಿತ ಮಾಡಿಕೊಂಡು, ಒಂದೇ ದಿನ ಎಲ್ಲರನ್ನೂ ಕರೆತರುತ್ತೇನೆ’ ಎಂದು ಹೇಳಲು ಆಗುವುದು ಆ ಟಿಪ್ಪಣಿಯಿಂದಲೇ.

ಕರೆಗಳನ್ನು ಕೆಡಿಸುವ ದೊಡ್ಡ ಸುಳ್ಳು ಒಂದಿದೆ: ‘ಪಾರ್ಟಿ ರೆಡಿ ಇದೆ ಸರ್, ಇವತ್ತೇ ಮನೆ ನೋಡಬೇಕಂತೆ.’ ಪಾರ್ಟಿ ಇರುವುದಿಲ್ಲ. ‘ಸರಿ, ಕರೆದುಕೊಂಡು ಬನ್ನಿ’ ಎಂದ ಕೂಡಲೇ ಅವರು ಊರಲ್ಲಿಲ್ಲ, ಮುಂದಿನ ವಾರ ಬರುತ್ತಾರೆ ಎಂದು ಮಾತು ಜಾರುತ್ತದೆ. ಈ ನಾಟಕವನ್ನು ಹಲವು ಸಲ ಕಂಡ ಮಾಲೀಕರಿಗೆ ಎಲ್ಲ ಏಜೆಂಟರೂ ಒಂದೇ. ನಿಜವಾಗಿಯೂ ಒಂದು ಸಂಸಾರ ಮನೆ ಹುಡುಕುತ್ತಿದ್ದಾಗ ಹೋದರೂ ಆಮೇಲೆ ಬಾಗಿಲು ತೆರೆಯುವುದಿಲ್ಲ. ಒಬ್ಬರು ಹೇಳಿದ ಸುಳ್ಳಿನ ಬೆಲೆಯನ್ನು ಅದೇ ಬೀದಿಯ ಉಳಿದವರೆಲ್ಲ ಕಟ್ಟುತ್ತಾರೆ. ಹೊಸಬರಿಗೆ ಈ ವಾಕ್ಯವನ್ನೇ ಮೊದಲ ಪಾಠವಾಗಿ ಕಲಿಸುವ ಹಿರಿಯರಿದ್ದಾರೆ, ದಯವಿಟ್ಟು ನಿಲ್ಲಿಸಿ.

ಖಾಲಿ ಕೈಯಲ್ಲಿ ಹೋಗುವುದಕ್ಕಿಂತ ಲೆಕ್ಕ ಹಿಡಿದುಕೊಂಡು ಹೋಗುವುದು ಮೇಲು. ಅದೇ ಸುತ್ತಿನಲ್ಲಿ, ಅಷ್ಟೇ ಕೋಣೆಗಳಿರುವ, ಕಳೆದ ಮೂರು ತಿಂಗಳಲ್ಲಿ ಬಾಡಿಗೆಗೆ ಹೋದ ಮೂರು ಮನೆಗಳ ಬಾಡಿಗೆ ಗೊತ್ತಿರಬೇಕು. ಜಾಹೀರಾತಿನಲ್ಲಿ ಕೇಳಿದ್ದಲ್ಲ, ಕೊನೆಗೆ ಕುದುರಿದ್ದು. ಮಾಲೀಕರು ಹೆಚ್ಚು ಕೇಳಿದಾಗ ವಾದಕ್ಕೆ ಇಳಿಯದೆ ಕಾಗದದ ಮೇಲೆ ತೋರಿಸಿ. ಒಂದು ತಿಂಗಳು ಮನೆ ಖಾಲಿ ಬಿದ್ದರೆ ವರ್ಷದ ಬಾಡಿಗೆಯಲ್ಲಿ ಹನ್ನೆರಡನೆಯ ಒಂದು ಭಾಗ, ಅಂದರೆ ಶೇ 8ಕ್ಕಿಂತ ಹೆಚ್ಚು ಹೋಯಿತು. ಶೇ 5 ಹೆಚ್ಚು ಬಾಡಿಗೆಗಾಗಿ ಕಾಯುವುದಾದರೆ, ಆ ಒಂದು ವರ್ಷದಲ್ಲಿ 17 ದಿನದೊಳಗೆ ಬಾಡಿಗೆದಾರರು ಸಿಕ್ಕರೆ ಮಾತ್ರ ನಷ್ಟವಿಲ್ಲ. 18ನೆಯ ದಿನದಿಂದ ಕಾದದ್ದು ಕೈಯಿಂದಲೇ ಹೋಗುತ್ತದೆ. ಈ ಲೆಕ್ಕವನ್ನು ಅವರ ಮನೆಯ ಅಂಕಿ ಹಾಕಿಯೇ ಮಾಡಿ ತೋರಿಸಿದರೆ ಮಾತು ಬೇರೆ ದಿಕ್ಕಿಗೆ ತಿರುಗುತ್ತದೆ. ಹಾಗೆಯೇ, ಮನೆ ಕೊಡಲಿ ಎಂದು ಸಿಗದ ಬಾಡಿಗೆಯ ಆಸೆ ತೋರಿಸಿ, ಆಮೇಲೆ ವಾರಕ್ಕೊಮ್ಮೆ ‘ಸ್ವಲ್ಪ ಇಳಿಸಿ’ ಎನ್ನುವುದು ‘ಪಾರ್ಟಿ ರೆಡಿ ಇದೆ’ ಎಂಬ ಸುಳ್ಳಿನ ಇನ್ನೊಂದು ರೂಪ.

ಫೋನ್ ನಂಬರ್ ಸಿಗದ ಮಾಲೀಕರಿಗೆ ಕಾಗದ ಬರೆಯಿರಿ. ಬಣ್ಣದ ಕರಪತ್ರ ನೇರ ಕಸದ ಬುಟ್ಟಿಗೆ ಹೋಗುತ್ತದೆ. ಕೈಯಲ್ಲಿ ವಿಳಾಸ ಬರೆದ ಲಕೋಟೆಯನ್ನು ಜನ ತೆರೆದು ನೋಡುತ್ತಾರೆ. ಒಳಗೆ ಆರೇಳು ಸಾಲು ಸಾಕು. ಅವರ ಮನೆಯ ಬಾಗಿಲ ಸಂಖ್ಯೆ, ವಿಳಾಸ ಯಾವ ದಾಖಲೆಯಿಂದ ಸಿಕ್ಕಿತು, ಅದೇ ಬೀದಿಯ ಅಂಥದೇ ಮನೆಗಳು ಈಗ ಎಷ್ಟಕ್ಕೆ ಹೋಗುತ್ತಿವೆ, ನಿಮ್ಮ ನೋಂದಣಿ ಸಂಖ್ಯೆ ಇದ್ದರೆ ಅದು, ‘ಮತ್ತೆ ಬರೆಯುವುದು ಬೇಡವೆಂದರೆ ಒಂದು ಸಂದೇಶ ಕಳಿಸಿ, ನಿಲ್ಲಿಸುತ್ತೇನೆ’ ಎಂಬ ಸಾಲು. ಉತ್ತರ ಬರದಿದ್ದರೆ ಎರಡು ತಿಂಗಳ ನಂತರ ಇನ್ನೊಂದು, ಆಮೇಲೆ ಮತ್ತೊಂದು. ಮೂರಕ್ಕೂ ಉತ್ತರವಿಲ್ಲದಿದ್ದರೆ ಬಿಟ್ಟುಬಿಡಿ.

ವಾರಕ್ಕೆ ಹತ್ತು ಹೊಸ ಪರಿಚಯ, ಹಳಬರಿಗೆ ಹದಿನೈದು ಮರುಕರೆ, ಒಬ್ಬರ ಕೈಲಿ ಚೆನ್ನಾಗಿ ಆಗುವುದು ಇಷ್ಟೇ. ಮರುಕರೆಗೆ ಕಾರಣ ಇರಬೇಕು. ‘ಸುಮ್ಮನೆ ನೆನಪಿಸೋಣ ಅಂತ ಮಾಡಿದೆ’ ಎನ್ನುವುದು ಕಾರಣವಲ್ಲ. ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಎಂಬುದು ಕಾರಣ. ಕರಾರು ಮುಗಿಯುವ 60 ದಿನ ಮೊದಲು ಮಾಡುವ ಕರೆ ಇವೆಲ್ಲಕ್ಕಿಂತ ಮುಖ್ಯ. ಬಾಡಿಗೆದಾರರು ಉಳಿಯುತ್ತಾರೆಂದರೆ ಸಂತೋಷ ಎಂದು ಹೇಳಿ, ಹೊಸ ದಿನಾಂಕ ಬರೆದುಕೊಳ್ಳಿ. ‘ಬೇಡ’ ಎಂದವರ ಪುಟಕ್ಕೆ ಅಡ್ಡಗೆರೆ ಎಳೆದು, ಆ ಗೆರೆಯನ್ನು ಗೌರವಿಸಿ.

ಮಾಲೀಕರು ಮನೆ ಕೊಡುತ್ತೇನೆ ಎಂದ ಕೂಡಲೇ ಜಾಹೀರಾತು ಹಾಕಲು ಓಡುವುದು ಹೊಸಬರ ಮತ್ತೊಂದು ತಪ್ಪು. ಮಾತಾಡುತ್ತಿರುವವರಿಗೆ ಆ ಮನೆ ಬಾಡಿಗೆಗೆ ಕೊಡುವ ಅಧಿಕಾರ ಇದೆಯೇ ಎಂದು ಮೊದಲು ನೋಡಬೇಕು. ಬೇರೆಯವರ ಮನೆ ತೋರಿಸಿ ಮುಂಗಡ ಪಡೆದು ಮಾಯವಾಗುವವರಿದ್ದಾರೆ, ಅಂಥವರ ಕೈಗೆ ಸುಲಭವಾಗಿ ಸಿಕ್ಕಿಬೀಳುವುದು ಅನುಭವವಿಲ್ಲದ ಏಜೆಂಟರೇ. ಗುರುತಿನ ಚೀಟಿ, ತೆರಿಗೆ ರಸೀದಿ, ಕ್ರಯಪತ್ರದ ಪ್ರತಿ ಒಂದಕ್ಕೊಂದು ಹೊಂದಬೇಕು. ಜಂಟಿ ಮಾಲೀಕರಿದ್ದರೆ ಎಲ್ಲರ ಒಪ್ಪಿಗೆ ಬೇಕು, ಸಂಬಂಧಿಕರು ನೋಡಿಕೊಳ್ಳುತ್ತಿದ್ದರೆ ಅವರಿಗೆ ಬರೆದುಕೊಟ್ಟ ಅಧಿಕಾರಪತ್ರ ಬೇಕು. ನಂತರ ಒಂದು ಪುಟದ ಒಪ್ಪಿಗೆ ಪತ್ರ. ಬಾಡಿಗೆ, ಮುಂಗಡ, ಎಷ್ಟು ದಿನದ ಮಟ್ಟಿಗೆ ನಿಮಗೆ ವಹಿಸಿದ್ದು, ಬೇರೆ ಏಜೆಂಟರಿಗೂ ಕೊಟ್ಟಿದ್ದಾರೆಯೇ, ಕಮಿಷನ್ ಯಾರು ಯಾವಾಗ ಕೊಡಬೇಕು, ಫೋಟೊ ಹಾಕಲು ಅನುಮತಿ ಇದೆಯೇ, ಎಲ್ಲವೂ ಅದರಲ್ಲಿರಲಿ. ಬಾಯಿಮಾತಿನ ಮೇಲೆ ನಡೆದರೆ ಒಂದೇ ಮನೆ ಮೂವರು ಏಜೆಂಟರ ಬಳಿ ಮೂರು ಬಾಡಿಗೆಗೆ ಕಾಣಿಸಿಕೊಂಡು, ಮನೆ ಹುಡುಕುವವರು ಮೂವರನ್ನೂ ನಂಬದಂತಾಗುತ್ತದೆ.

ಕೀಲಿ ಕೈಗೆ ಬಂದರೆ ಅದರ ಚೀಟಿಯ ಮೇಲೆ ಬಾಗಿಲ ಸಂಖ್ಯೆ ಬರೆಯಬೇಡಿ. ನೋಟ್‌ಬುಕ್ಕಿನ ಪುಟದ ಸಂಖ್ಯೆಯನ್ನಷ್ಟೇ ಬರೆಯಿರಿ, ಕೀಲಿ ಎಲ್ಲಾದರೂ ಬಿದ್ದುಹೋದರೂ ಸಿಕ್ಕವರಿಗೆ ಅದು ಯಾವ ಮನೆಯದೆಂದು ಗೊತ್ತಾಗಬಾರದು. ಯಾರು, ಯಾವ ಹೊತ್ತಿಗೆ ಕೀಲಿ ಒಯ್ದರು, ಎಷ್ಟು ಹೊತ್ತಿಗೆ ತಂದರು ಎಂದು ಸಹಿ ಸಮೇತ ಬರೆದಿಡಿ. ಮನೆ ತೋರಿಸಿದ ಸಂಜೆಯೇ, ಬಂದವರು ಏನೆಂದರು ಎಂದು ಮಾಲೀಕರಿಗೆ ನಾಲ್ಕು ಮಾತು ತಿಳಿಸಿ, ಬಂದವರು ಮನೆ ಒಪ್ಪದಿದ್ದರೂ ಸರಿ. ಹೋದ ಮೇಲೆ ಸುದ್ದಿಯೇ ಇಲ್ಲ ಎಂಬುದು ಏಜೆಂಟರ ಬಗ್ಗೆ ಮಾಲೀಕರು ಮತ್ತೆ ಮತ್ತೆ ಹೇಳುವ ದೂರು.

ಕೊನೆಯದಾಗಿ ತಮ್ಮಲ್ಲೊಂದು ಮನವಿ, ಸಂಪಾದಕರೇ. ಪತ್ರಿಕೆಯ ಬಾಡಿಗೆ ಜಾಹೀರಾತು ಅಂಕಣದಲ್ಲಿ ಪ್ರತಿ ಜಾಹೀರಾತಿನ ಮೊದಲಿಗೇ ‘ಮಾಲೀಕರಿಂದ’ ಅಥವಾ ‘ಏಜೆಂಟರಿಂದ’ ಎಂದು ಅಚ್ಚಾಗಲಿ. ಏಜೆಂಟರ ಕರೆ ಬೇಡವೆನ್ನುವ ಮಾಲೀಕರಿಗೆ ಅದನ್ನು ಹೇಳಲು ಹೆಚ್ಚು ಹಣವಿಲ್ಲದೆ ಒಂದು ಪದದ ಜಾಗ ಕೊಡಿ. ಯಾರಿಗೆ ಕರೆ ಮಾಡಬಹುದು, ಯಾರಿಗೆ ಮಾಡಬಾರದು ಎಂಬುದು ಆಗ ಹೊಸದಾಗಿ ಕೆಲಸಕ್ಕೆ ಬಂದವರಿಗೂ ಓದಿದ ಕೂಡಲೇ ತಿಳಿಯುತ್ತದೆ.

ಇಂತಿ,
ಬಾಡಿಗೆ ಮನೆ ವ್ಯವಹಾರದಲ್ಲಿರುವ ಕೆಲವು ಓದುಗರು